ಎಳ್ಳಿನದು, ಗಸಗಸೆಯದು

ಮೂರನೆಯ ಅತ್ರಾಸವೂ ಎಣ್ಣೆಗೆ ಬಿಟ್ಟ ಕೂಡಲೇ ಚೂರುಚೂರಾಗಿ ಹರಡಿಕೊಂಡಿತು. ಅಡುಗೆಯ ವೀರೇಶ್ ಜಾಲರಿಯಿಂದ ಚೂರುಗಳನ್ನು ಎತ್ತಿ ತಟ್ಟೆಗೆ ಹಾಕಿ, "ಅಕ್ಕಿನ ಸರಿ ಇಲ್ರೀ" ಎಂದ. ಚನ್ನವೀರಮ್ಮ ಒಲೆಯ ಉರಿ ತಗ್ಗಿಸಿದಳು. ನಾಳೆ ಮಗಳು ಗಂಗೋತ್ರಿಯ ನಿಶ್ಚಿತಾರ್ಥ. ಬೀಗರು ಆಂಧ್ರದ ಆದೋನಿಯವರು. ಎಲೆಯ ಮೇಲೆ ಅಕ್ಕಿ-ಬೆಲ್ಲದ ಅತ್ರಾಸ ಇರಲೇಬೇಕೆಂದು ಎರಡು ಸಲ ಹೇಳಿ ಕಳಿಸಿದ್ದರು.

ಆಕೆಯ ಗಂಡ ದೀಪಾವಳಿಗೆಂದು ಬಳ್ಳಾರಿಯಿಂದ ಅತ್ರಾಸ ತರತೊಡಗಿ ಮೂರು ವರ್ಷವಾಗಿತ್ತು. ಕುರುಗೋಡಿನ ಈ ಮನೆಯಲ್ಲಿ ಅದನ್ನು ಹೊಗಳಿ ಹೊಗಳಿ ತಿನ್ನುತ್ತಿದ್ದವರು ಅತ್ತೆ ಜಡೆಮ್ಮ. ಚನ್ನವೀರಮ್ಮ ಹಳೆಯ ಡಬ್ಬಿ ಹುಡುಕಿ, ಮುಚ್ಚಳದ ಮೇಲಿದ್ದ ನಂಬರಿಗೆ ಫೋನು ಹಚ್ಚಿದಳು. ಆ ಕಡೆಯಿಂದ ಒಂದು ಹುಡುಗಿಯ ದನಿ ಕೇಳಿತು: "ಎಣ್ಯಾಗ ಒಡೀತಾವೋ, ಎಣ್ಣಿ ಕುಡೀತಾವೋ?"

"ಒಡದು ಹೋಗಾಕತ್ಯಾವ."

"ಹಂಗಾರ ಪಾಕ ಎಳೇದಾಗೈತಿ. ಕಣಕ ಚೆಲ್ಲಬ್ಯಾಡ್ರಿ. ನಮ್ಮವ್ವನ್ನ ಕರಕೊಂಡು ಬರ್ತೀನಿ."

ಒಂದೂವರೆ ತಾಸಿಗೆ ಆ ಹುಡುಗಿ ಸುಮಂಗಲಾಳ ಸ್ಕೂಟರು ಬಾಗಿಲಿಗೆ ಬಂತು. ಹಿಂದೆ ಕುಳಿತಿದ್ದ ತಾಯಿ ಹುಲುಗಮ್ಮ ಒದ್ದೆ ಬಟ್ಟೆಯಲ್ಲಿ ಕಟ್ಟಿದ ಹಸಿ ಅಕ್ಕಿಹಿಟ್ಟಿನ ಗಂಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡಿದ್ದಳು. ಐವತ್ತೈದರ ಹೆಂಗಸು, ಗಟ್ಟಿ ಮೈ. ಒಳಗೆ ಬಂದವಳೇ ಕಣಕದಲ್ಲಿ ಒಂದು ಚಿಟಿಕೆ ಮುರಿದು ಬೆರಳಲ್ಲಿ ಹೊಸಕಿ ನೋಡಿದಳು.

"ಒಂದು ತಾಸಿನ್ಯಾಗ ಸರಿ ಮಾಡ್ತೀನಿ. ಯಾವ ಬಗಿ ಬೇಕ್ರಿ?"

"ಬಗಿ ಅಂದ್ರ? ಉಣ್ಣೋರು ಆದೋನಿ ಬೀಗರು" ಎಂದಳು ಚನ್ನವೀರಮ್ಮ.

"ಈ ಕಡಿ ನಿಮಗ ತೆಳ್ಳಗ, ಗಸಗಸಿ ಹಚ್ಚಿ ಗರಿಗರಿ ಇರಬೇಕು. ಆದೋನ್ಯೋರು ಅದನ್ನ ಹಪ್ಪಳ ಅಂದು ನಗ್ತಾರ. ಅವರಿಗೆ ದಪ್ಪಗ ಎಳ್ಳಿಂದು ಆಗಬೇಕು. ಕರದು, ಎರಡು ಹಲಿಗಿ ನಡುವ ಒತ್ತಿ ಎಣ್ಣಿ ತಗದು, ಮೆತ್ತಗ ಮಾಡ್ತಾರ. ಅರಿಸೆಲು ಅಂತಾರ."

"ನಿಮಗ ಇಷ್ಟೆಲ್ಲಾ ಹೆಂಗ ಗೊತ್ತಮ್ಮ?"

"ಆ ಕಡಿ ಹನ್ನೊಂದು ವರ್ಷ ಹತ್ತಿ ಬಿಡಸಾಕ ಹೋಗೀನಿ. ಸಂಕ್ರಾಂತಿಗೆ ಅವರು ಹಿತ್ತಲದಾಗ ಕರಿಯೂದನ್ನ ದೂರ ನಿಂತು ನೋಡಿ ಕಲ್ತೀನಿ. ಅಕ್ಕಿ ಗೊತ್ತಾಗಿದ್ದು ಸಿರುಗುಪ್ಪದ ಗದ್ದ್ಯಾಗ. ನಾಟಿ ಹಚ್ಚಿದ ಕೈಗೆ ಹೊಸ ಅಕ್ಕಿ ಯಾವುದು, ಹಳೇದು ಯಾವುದು ಅಂತ ಯಾರೂ ಹೇಳಿಕೊಡಬೇಕಿಲ್ಲ."

ಹುಲುಗಮ್ಮ ಕೈ ತೊಳೆದು ಗಂಟು ಬಿಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕುಳಿತಿದ್ದ ಜಡೆಮ್ಮ ಕೇಳಿದರು, "ಸಿರುಗುಪ್ಪದಾಗ ನೀವು ಯಾರ ಪೈಕಿ ತಂಗಿ?"

"ಸುಂಕಣ್ಣನ ಮಗಳ್ರಿ. ಊರ ಹೊರಗಿನ ಕೇರಿ ನಮ್ದು."

ಹೇಳಿ ಹುಲುಗಮ್ಮ ಕಣಕಕ್ಕೆ ಕೈ ಹಾಕಹೋದಳು. ವೀರೇಶ್ ಗೊತ್ತಾಗದ ಹಾಗೆ ಪಾತ್ರೆಯನ್ನು ತನ್ನತ್ತ ಎಳೆದುಕೊಂಡ. ಚನ್ನವೀರಮ್ಮ ಅತ್ತೆಯ ಮುಖ ನೋಡಿ, ಆಮೇಲೆ ನೆಲ ನೋಡುತ್ತ, "ಹುಲುಗಮ್ಮಾ, ನೀವು ಹಿಂಗ ಹೊರಗ ಕುಂತು ಹೇಳ್ರಿ. ನಮ್ಮ ವೀರೇಶ್ ಮಾಡ್ತಾನ" ಎಂದಳು.

"ಹೇಳಿದ್ರ ಬರೂದಾಗಿದ್ರ ಫೋನಿನ್ಯಾಗ ಹೇಳ್ತಿದ್ದೆನಮ್ಮ." ಹುಲುಗಮ್ಮ ಗಂಟನ್ನು ಮತ್ತೆ ಕಟ್ಟಿದಳು. "ಮೂರು ವರ್ಷ ನೀವು ತಿಂದದ್ದು ಈ ಕೈ ತಟ್ಟಿದ್ದ. ಕೈ ಬ್ಯಾಡಂದ್ರ ಹಿಟ್ಟೂ ಬ್ಯಾಡ. ನಡಿ ಸುಮಂಗಲಾ."

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚನ್ನವೀರಮ್ಮನಿಗೆ ಹಗುರಾಗುತ್ತಿತ್ತೇನೋ.

ಸುಮಂಗಲಾ ಸ್ಕೂಟರಿನ ಕೀಲಿ ತಿರುಗಿಸಿದಳು. "ನಿಂಗ ಸಿಟ್ಟು ಬರೂದಿಲ್ಲೇನವ್ವಾ?"

"ಬರ್ತೈತಿ. ಆದ್ರ ಪಾಕ ಕೆಟ್ಟಿದ್ದು ಅವರದು, ನಂದಲ್ಲ."

"ಏ ತಂಗಿ, ನಿಲ್ಲು." ಜಡೆಮ್ಮ ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೂ ಬಂದಿದ್ದರು. ಆ ಒಂದಿಷ್ಟು ದೂರಕ್ಕೇ ಏದುಸಿರು. "ಮೂರು ದೀಪಾವಳಿ ತಿಂದು ಅರಗಿಸ್ಕೊಂಡು ಕುಂತೀನಿ. ಈಗ ಹೊಟ್ಟಿ ತಗದು ತೊಳಿಯಾಕ ಆಗ್ತೈತೇನು? ಬಾ ಒಳಗ."

ಹುಲುಗಮ್ಮ ಸ್ಕೂಟರಿನಿಂದ ಇಳಿದಳು. ಆದರೆ ಅಲ್ಲೇ ನಿಂತಳು.

"ಬರ್ತೀನ್ರಿ. ಒಂದು ಮಾತೈತಿ. ನಾಳಿ ನಾನು, ನನ್ನ ಮಗಳು ಊಟಕ್ಕ ಬರ್ತೀವಿ. ಹಿತ್ತಲದಾಗಲ್ಲ. ಪಂಕ್ತ್ಯಾಗ, ಎಲ್ಲಾರ ಕೂಡ."

ಜಡೆಮ್ಮ ಸೊಸೆಯ ಕಡೆ ತಿರುಗಿದರು. ಎದುರು ಮನೆಯ ಕಟ್ಟೆಯ ಮೇಲೆ ಇಬ್ಬರು ಹೆಂಗಸರು ಮಾತು ನಿಲ್ಲಿಸಿ ಇತ್ತಲೇ ನೋಡುತ್ತಿದ್ದರು. ಚನ್ನವೀರಮ್ಮ ಅವರನ್ನು ನೋಡಿದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ಆತು, ಬರ್ರಿ" ಎಂದಳು. ಕಟ್ಟೆಯವರಿಗೂ ಕೇಳಿಸಿತು.

ಹಸಿಹಿಟ್ಟು ಬೆರೆಸಿ ನಾದಿ ಕಣಕವನ್ನು ನೆನೆಯಲು ಬಿಟ್ಟು, ಹುಲುಗಮ್ಮ ತಟ್ಟಲು ಕುಳಿತದ್ದು ಹನ್ನೆರಡಕ್ಕೆ. ಗಸಗಸೆಯದನ್ನು ಮಗುಚದೆ, ಮೇಲಿನ ಮಗ್ಗುಲಿಗೆ ಬಿಸಿ ಎಣ್ಣೆ ಚಿಮುಕಿಸಿ ಬೇಯಿಸಿದಳು. ಎಳ್ಳಿನದನ್ನು ಒತ್ತಲು ಒಬ್ಬರ ಬಲ ಸಾಲದೆ, "ಬಾರಪ್ಪ, ಒಂದು ಕೈ ಹಚ್ಚು" ಎಂದು ವೀರೇಶನನ್ನೇ ಕರೆದಳು. ಅವನು ಒಂದು ಗಳಿಗೆ ನಿಂತ. ಆಮೇಲೆ ಹಲಗೆ ಹಿಡಿದ. ಇಳಿಹೊತ್ತಿಗೆ ಎರಡು ದೊಡ್ಡ ಬುಟ್ಟಿ ತುಂಬಿದವು. ಗಂಗೋತ್ರಿ ಬಂದು ಎರಡರಲ್ಲೂ ಒಂದೊಂದು ತಿಂದು, ಎಳ್ಳಿನದನ್ನೇ ಮತ್ತೊಂದು ತೆಗೆದುಕೊಂಡಳು. "ಆಗಲೇ ಆದೋನಿ ಕಡ್ಯಾಕಿ ಆದಿ ಬಿಡು" ಎಂದು ಜಡೆಮ್ಮ ನಕ್ಕರು.

ಮರುದಿನ ಪೆಂಡಾಲಿನಲ್ಲಿ ಹುಲುಗಮ್ಮ ಸಾಲಿನ ತುದಿಗೆ ಹೋಗದೆ ನಟ್ಟನಡುವೆ ಕುಳಿತಳು. ಬಲಕ್ಕೆ ಸುಮಂಗಲಾ. ಎಡಗಡೆಯ ಎಲೆಗೆ ಬಂದ ಹೆಂಗಸೊಬ್ಬಳು ಹುಲುಗಮ್ಮನ ಮುಖ ನೋಡಿ, ಯಾರನ್ನೋ ಕರೆಯುವವಳಂತೆ ಎದ್ದು ಹಿಂದಿನ ಸಾಲಿಗೆ ಹೋದಳು. ಸುಮಂಗಲಾ ಮಿಸುಕಾಡಿದಳು. ಹುಲುಗಮ್ಮ ಅವಳ ಮೊಣಕಾಲ ಮೇಲೆ ಕೈ ಇಟ್ಟಳು.

ಅತ್ರಾಸ ಬಂದವು, ಎರಡೂ ಬಗೆ. ಎದುರು ಸಾಲಿನಲ್ಲಿದ್ದ ವರನ ಸೋದರತ್ತೆ ಎಳ್ಳಿನದನ್ನು ಮುರಿದು ಬಾಯಿಗಿಟ್ಟು ಕಣ್ಣರಳಿಸಿದರು. "ಈ ಅರಿಸೆಲು ಎವರು ಚೇಸಾರು?" ಎಂದು, ಮಾಡಿದವರು ಯಾರೆಂದು, ತೆಲುಗಿನಲ್ಲಿ ದೊಡ್ಡ ದನಿಯಲ್ಲಿ ಕೇಳಿದರು.

ಬಡಿಸುತ್ತಿದ್ದ ಚನ್ನವೀರಮ್ಮ ತಲೆ ಎತ್ತುವ ಮೊದಲೇ ಹುಲುಗಮ್ಮ ತಾನೇ ಮಾಡಿದ್ದೆಂದು ತೆಲುಗಿನಲ್ಲೇ ಹೇಳಿದಳು, "ನೇನೇ ಚೇಸಾನಮ್ಮಾ!"

"ನೀವೇನಾ!" ಎಂದು ಆಕೆ ನಗುತ್ತ ಎಲೆಯನ್ನು ಮುಂದಕ್ಕೆ ತಳ್ಳಿ ಇನ್ನೊಂದು ಹಾಕಿಸಿಕೊಂಡರು.

ಫ್ಯಾನಿನ ಗಾಳಿಗೆ ಎಡಗಡೆಯ ಖಾಲಿ ಎಲೆ ಮಗುಚಲು ನೋಡಿತು. ಹುಲುಗಮ್ಮ ಕೈ ಚಾಚಿ ಅದನ್ನು ನೆಟ್ಟಗೆ ಮಾಡಿ, ಹಾರದ ಹಾಗೆ ಅಂಚಿನ ಮೇಲೆ ನೀರಿನ ಲೋಟ ಇಟ್ಟಳು. ಆಮೇಲೆ ತನ್ನ ಎಲೆಗೆ ತಿರುಗಿ ಗಸಗಸೆಯ ಅತ್ರಾಸ ಮುರಿದಳು.