ಬಾಗಿನದ ಲ್ಯಾಪ್‌ಟಾಪ್

ನಮ್ಮಣ್ಣ ಅನೂಪ ಗೌರಿಹಬ್ಬದ ಬಾಗಿನ ಒಂದು ವರ್ಷವೂ ತಪ್ಪಿಸಿದವನಲ್ಲ. ೨೦೧೫ರಲ್ಲಿ ಹ್ಯೂಸ್ಟನ್‌ನಿಂದ ಡಾಲಸ್ ಪಕ್ಕದ ರಿಚರ್ಡ್‌ಸನ್‌ನಲ್ಲಿದ್ದ ನಮ್ಮ ಮನೆವರೆಗೆ ಡ್ರೈವ್ ಮಾಡಿಕೊಂಡು ಬಂದು, ಮೊರದಲ್ಲಿ ಅರಿಶಿನ, ಕುಂಕುಮ, ಬಳೆಗಳ ಪಕ್ಕ ಹೊಸ ಲ್ಯಾಪ್‌ಟಾಪ್ ಇಟ್ಟು ಕೊಟ್ಟ. ಬಿಲ್ಲು ಅವನ ಹೆಸರಿನಲ್ಲಿತ್ತು. ತವರಿನ ಬಾಗಿನಕ್ಕೆ ಯಾರಾದರೂ ರಸೀದಿ ಬರೆಸಿಕೊಳ್ಳುತ್ತಾರೆಯೇ? ನನ್ನ ಮೂರು ವರ್ಷದ ಪಿಎಚ್.ಡಿ. ಕೆಲಸವೆಲ್ಲ ಅದರಲ್ಲೇ ಸೇರಿತು.

೨೦೧೮ರಲ್ಲಿ ಅವನು ಕೆಲಸ ಬಿಟ್ಟು ಆಸ್ಟಿನ್‌ನ ಕಂಪನಿಯೊಂದಕ್ಕೆ ಸೇರುವವನಿದ್ದ. "ಎರಡು ದಿನ ಕೊಡೇ" ಎಂದು ಲ್ಯಾಪ್‌ಟಾಪನ್ನು ಬ್ಯಾಗಿನ ಸಮೇತ ಒಯ್ದ. ನನ್ನ ಬ್ಯಾಕಪ್ ಡಿಸ್ಕೂ ಅದೇ ಬ್ಯಾಗಿನಲ್ಲಿತ್ತು. ಆ ಮಹಾನುಭಾವ ಹಳೆಯ ಕಂಪನಿಯ ಗುಟ್ಟಿನ ಡಿಸೈನುಗಳನ್ನೆಲ್ಲ ಲ್ಯಾಪ್‌ಟಾಪಿಗೂ ಡಿಸ್ಕಿಗೂ ಇಳಿಸಿಕೊಂಡ. ನಾಲ್ಕನೇ ದಿನ ಪೊಲೀಸರು ಅವನ ಮನೆ ಬಾಗಿಲಿಗೆ ಬಂದು ಎರಡನ್ನೂ ಹೊತ್ತೊಯ್ದರು.

ಅಣ್ಣ ತಪ್ಪೊಪ್ಪಿಕೊಂಡ. ಎರಡು ವರ್ಷ ಜೈಲು. ಕಳ್ಳತನಕ್ಕೆ ಬಳಸಿದ ವಸ್ತುಗಳು ಮುಟ್ಟುಗೋಲು. ಅವು ಬೇರೆಯವರದ್ದಾಗಿದ್ದರೆ ಮೂವತ್ತು ದಿನದೊಳಗೆ ಅರ್ಜಿ ಹಾಕಬಹುದಂತೆ. ಹಬ್ಬದ ದಿನ ತೆಗೆದಿದ್ದ ಮೊರದ ಫೋಟೊ ಹಿಡಿದು ಡಾಲಸ್‌ನ ವಕೀಲರಾದ ಬದರಿನಾಥ ಅಂಕಲ್ ಬಳಿಗೆ ಓಡಿದೆ. ಅವರು ಧಾರವಾಡದವರು.

"ಪುರಾವೆ ಚಲೋ ಅದ. ಆದ್ರ ನಿಮ್ಮಣ್ಣ ಕೋರ್ಟಿನ್ಯಾಗ ಪ್ರಮಾಣ ಮಾಡಿ ಎರಡೂ ನಂದೇ ಅಂದಾನ. ಈಗ ನೀ ಬಂದು ನಂದು ಅಂದ್ರ, ಅವ ಸುಳ್ಳು ಹೇಳಿದಂಗ ಆತು. ಅದಕ್ಕ ಮತ್ತೊಂದು ಕೇಸು ಬೀಳ್ತದ ನೋಡವಾ."

ಹೊರಗೆ ಬಂದವಳೇ ಅಣ್ಣನಿಗೆ ಫೋನ್ ಮಾಡಿದೆ. ಅವನು ಜೈಲಿಗೆ ಹೋಗಲು ಇನ್ನೂ ಒಂದೂವರೆ ತಿಂಗಳಿತ್ತು.

"ಯಾರನ್ನ ಕೇಳಿ ನಿಂದು ಅಂದೆ?" ಎಂದು ಕಿರುಚಿದೆ.

"ನಿಂದು ಅಂದಿದ್ರೆ ನಿನ್ನನ್ನೂ ಕೂರಿಸ್ಕೊಂಡು ಪ್ರಶ್ನೆ ಕೇಳ್ತಿದ್ರು ಕಣೇ. ನಿಂದು ಸ್ಟೂಡೆಂಟ್ ವೀಸಾ. ನಿನ್ನ ಥೀಸಿಸ್ಸು ಅದರಲ್ಲಿದೆ ಅಂತ ಆಗ ಹೊಳೀಲೇ ಇಲ್ಲ." ಆಮೇಲೆ ಮೆಲ್ಲಗೆ ಹೇಳಿದ: "ನೀನು ಅರ್ಜಿ ಹಾಕು ಶ್ರಾವಣಿ. ಇನ್ನೊಂದು ವರ್ಷ ಜಾಸ್ತಿ ಇರ್ತೀನಿ, ಅಷ್ಟೇ ತಾನೆ."

ಅವನು ಮಾಡಿದ್ದು ಕಳ್ಳತನವೇ. ಅದಕ್ಕೆ ನನ್ನ ಹತ್ತಿರ ಸಬೂಬಿಲ್ಲ. ಆದರೂ ಮತ್ತೆ ಬೈಯದೆ ಫೋನ್ ಇಟ್ಟೆ. ಪ್ರಯೋಗಗಳನ್ನೆಲ್ಲ ಮತ್ತೆ ಮಾಡಲು ಎಷ್ಟು ಕಾಲ ಬೇಕೆಂದು ನನ್ನ ಗೈಡನ್ನು ಕೇಳಿದೆ. ಕಡಿಮೆಯೆಂದರೆ ಎರಡು ವರ್ಷ ಎಂದರು.

ಮೂವತ್ತನೇ ದಿನ ಸಂಜೆ ಅಣ್ಣನೇ ಫೋನ್ ಮಾಡಿದ.

"ಅರ್ಜಿ ಹಾಕಿದ್ಯಾ?"

"ಇಲ್ಲ. ಕೋರ್ಟಿನ ಆಫೀಸು ಮುಚ್ಚಾಯ್ತು."

ಆ ಕಡೆ ಅವನು ಬಿಕ್ಕುವುದು ಕೇಳಿಸಿತು. ನನಗೂ ಅಳು ಬಂತು, ಸಿಟ್ಟೂ ಬಂತು.

"ಸುಮ್ನಿರೋ. ಇಬ್ಬರಿಗೂ ಎರಡೆರಡು ವರ್ಷ. ನೀನು ಅಲ್ಲಿ ಮುಗಿಸು, ನಾನು ಇಲ್ಲಿ ಮುಗಿಸ್ತೀನಿ."