ಇಬ್ಬರ ಕಲ್ಲು

ಮೂರನೆಯ ಸಲ ಯಾರೋ ತಟ್ಟೆಗೆ ಹಂದಿಮಾಂಸ ಹಾಕಲು ಬಂದಾಗ ವೆಲ್ಡಾ ಕೈ ಅಡ್ಡ ಹಿಡಿದಳು. ಬೆಳಿಗ್ಗೆ ಅವಳ ಗಂಡ ಲೀಲಂಡನನ್ನು ಮಣ್ಣು ಮಾಡಿ ಬಂದವರೆಲ್ಲ ಈಗ ಚರ್ಚಿನ ನೆಲಮಾಳಿಗೆಯಲ್ಲಿ ಉದ್ದ ಮೇಜುಗಳಿಗೆ ಕೂತು ಉಣ್ಣುತ್ತಿದ್ದರು. ಲೀಲಂಡ್ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದವನು. ಉಣ್ಣುವವರಲ್ಲಿ ಅರ್ಧ ಜನ ಅವನ ಬಸ್ಸಿನಲ್ಲೇ ಬೆಳೆದವರು.

“ರಸ್ತೇಲಿ ಹಾವು ಮಲಗಿದ್ರೆ ಬಸ್ ನಿಲ್ಲಿಸಿಬಿಡೋನು,” ಅವರಲ್ಲೊಬ್ಬ ಹೇಳುತ್ತಿದ್ದ. “ಇಳಿದು, ಎತ್ಕೊಂಡು ಹೋಗಿ ಹುಲ್ಲಿಗೆ ಬಿಟ್ಟು ಬರೋನು. ನಮಗೆ ಮೊದಲ್ನೇ ಪಾಠ ತಪ್ಪಿತೂಂತಲೇ ಲೆಕ್ಕ. ಹೆಡ್‌ಮಾಸ್ಟರು ಗದರಿದ್ರೆ, ‘ದಾರೀಲಿ ಒಬ್ರು ಇಳಿಯೋರಿದ್ರು ಸಾರ್’ ಅನ್ನೋನು.”

ಮೇಜಿನ ಸುತ್ತ ನಗು ಎದ್ದು, ವೆಲ್ಡಾಳನ್ನು ಕಂಡು ಅಡಗಿತು.

“ಗುಡ್ಡದ ಮೇಲೆ, ತನಗಿಷ್ಟವಾದ ಕೆಲಸ ಮಾಡ್ತಾ ಹೋದ ಅತ್ತಿಗೆ,” ವಿಚಿಟಾ ನಗರದಿಂದ ಬಂದಿದ್ದ ಲೀಲಂಡನ ತಂಗಿ ಫೇ ಅವಳ ಬೆನ್ನು ಸವರಿದಳು. “ಎದೆಬಡಿತ ನಿಂತಿದ್ದು ಗೊತ್ತೂ ಆಗಿರಲ್ಲ. ಯಾರಿಗುಂಟು ಆ ಪುಣ್ಯ?”

ಬೆಳಿಗ್ಗೆಯಿಂದ ಎಷ್ಟೋ ಜನ ಇದೇ ಮಾತು ಹೇಳಿದ್ದರು. ವೆಲ್ಡಾ ಪ್ರತಿಯೊಬ್ಬರಿಗೂ ತಲೆಯಾಡಿಸಿದ್ದಳು.

ಮರ್ಲ್ ಒಬ್ಬನೇ ಹೇಳಿರಲಿಲ್ಲ. ನಲವತ್ತು ವಸಂತ ಲೀಲಂಡನ ಜೊತೆ ಹಾವು-ಹಲ್ಲಿ ಹುಡುಕುತ್ತ ಗುಡ್ಡ ಅಲೆದವನು ಅವನು. ಒಬ್ಬ ಕಲ್ಲೆತ್ತಿದರೆ ಇನ್ನೊಬ್ಬ ಬಗ್ಗಿ ನೋಡುವುದು: ಕೊರಳಲ್ಲಿ ಹಳದಿ ಉಂಗುರದ ಪುಟ್ಟ ಹಾವು, ಕೆಂಪು ಪಟ್ಟೆಯದು, ಬಾಲ ಬಿಟ್ಟು ಓಡುವ ಹಲ್ಲಿ. ಈಗ ಊರುಗೋಲು ಊರಿಕೊಂಡು ಬಂದು ಅವಳ ಮುಂದೆ ನಿಂತ.

“ವೆಲ್ಡಾ, ಒಂದು ತಪ್ಪಾಗಿದೆ. ಕಲ್ಲನ್ನ ಹಾಗೇ ಬಿಟ್ಟು ಬಂದೆ.”

“ಯಾವ ಕಲ್ಲು?”

“ಅವನನ್ನ ಹುಡುಕೋರ ಜೊತೆ ನಾನೂ ಹೋಗಿದ್ನಲ್ಲ, ಅವನು ಬಿದ್ದಿದ್ದ ಪಕ್ಕದಲ್ಲಿದ್ದಿದ್ದು. ಅವನನ್ನ ಸಾಗಿಸೋ ಗಡಿಬಿಡೀಲಿ ಮಗುಚಿದ್ದು ಮಗುಚಿದ ಹಾಗೇ ಉಳೀತು. ನಾಲ್ಕು ದಿನ ಆಯ್ತು. ಕೆಳಗಿನ ತಂಪು ಹೋದ್ರೆ ಅಲ್ಲಿಗೆ ಯಾವ ಜೀವಾನೂ ವಾಪಸ್ ಬರಲ್ಲ. ಅವನೇ ಹೇಳ್ಕೊಟ್ಟಿದ್ದು ನನಗೆ, ಅವುಗಳ ಮನೆ ಸೂರು ಕಣೋ, ಇದ್ದ ಹಾಗೇ ಇಟ್ಟು ಬಾ ಅಂತ.”

“ಇವತ್ತು ನಿನಗೆ ಕಲ್ಲಿನ ಚಿಂತೆಯಾ? ಬುದ್ಧಿ ಇದೆಯೇನೋ ನಿನಗೆ?” ಫೇ ಗದರಿದಳು.

ವೆಲ್ಡಾ ಆಗಲೇ ಎದ್ದು ಕೋಟು ಹಾಕಿಕೊಳ್ಳುತ್ತಿದ್ದಳು.

*

ನಾಲ್ಕು ದಿನದ ಹಿಂದೆ, ಅವತ್ತು, ಅವಳು ಟೊಮೆಟೊ ಸಸಿಗಳನ್ನು ಸಣ್ಣ ಡಬ್ಬಿಗಳಿಂದ ದೊಡ್ಡವಕ್ಕೆ ಬದಲಿಸುತ್ತಿದ್ದಳು. ಲೀಲಂಡ್ ಬೂಟು ಹಾಕಿ ಬಾಗಿಲಲ್ಲಿ ನಿಂತಿದ್ದ. ಹಿಂದಿನ ವಾರ, ಹೊಸದು ಚಿಗುರಲೆಂದು, ಗುಡ್ಡದ ಹುಲ್ಲು ಸುಟ್ಟಿದ್ದರು. ಕರಿ ನೆಲದಲ್ಲಿ ಸುಣ್ಣಕಲ್ಲುಗಳು ಬೆಳ್ಳಗೆ ಎದ್ದು ಕಾಣುವ, ಬಿಸಿಲು ಹದವಾಗಿರುವ ಇಂಥ ದಿನ ವರ್ಷಕ್ಕೆ ನಾಲ್ಕು ಸಿಕ್ಕಿದರೆ ಹೆಚ್ಚು.

“ಇವತ್ತಾದ್ರೂ ಬಾರೆ. ಮರ್ಲ್ ಮಂಡಿ ಆಪರೇಷನ್ ಮಾಡಿಸ್ಕೊಂಡು ಕೂತಿದಾನೆ. ಆ ಇಳಿಜಾರಿನ ದೊಡ್ಡ ಚಪ್ಪಡಿಗೆ ಇಬ್ಬರು ಬೇಕು.”

“ನಾನು ಹಾವು ಹಿಡೀಬೇಕಾ?”

“ಹಾವು ನಂದು. ನೀನು ಕಲ್ಲಿನ ಒಂದು ಕಡೆ ಹಿಡ್ಕೊಂಡ್ರೆ ಸಾಕು. ಬೇಕಾದ್ರೆ ಕಣ್ಣು ಮುಚ್ಕೊಂಡೇ ಹಿಡ್ಕೋ.”

“ನಿನಗೆ ಬೇಯಿಸಿ ಹಾಕೋಕೂ ನಾನೇ, ನಿನ್ನ ಹಾವಿಗೆ ಬಾಗಿಲು ತೆಗೆಯೋಕೂ ನಾನೇನಾ? ಹೋಗಪ್ಪ.”

ಅವನು ನಕ್ಕ. ಮದುವೆಯಾದಾಗಿನಿಂದ ಪ್ರತಿ ವಸಂತ ಕರೆಯುತ್ತಿದ್ದ, ಪ್ರತಿ ವಸಂತ ಹೀಗೇ ನಕ್ಕು ಹೋಗುತ್ತಿದ್ದ. ಸಸಿಯ ಬೇರು ಹರಿದೀತೆಂದು ಅವಳು ತಲೆ ಎತ್ತಲಿಲ್ಲ. ಬಾಗಿಲು ಹಾಕಿಕೊಂಡ ಸದ್ದು ಮಾತ್ರ ಕೇಳಿಸಿತು.

*

ಮರ್ಲ್‌ನ ಪಿಕಪ್ ಇಳಿಜಾರಿನ ಬುಡದಲ್ಲಿ ನಿಂತಿತು. ಬೂದಿಯ ನಡುವೆ ಎಳೆ ಹುಲ್ಲು ಬೆರಳುದ್ದ ಎದ್ದಿತ್ತು. ಚಪ್ಪಡಿ ಅಂಗಾತ ಬಿದ್ದಿತ್ತು. ಅದು ಮೊದಲಿದ್ದ ಜಾಗದಲ್ಲಿ ಅದರದೇ ಆಕಾರದ ತಗ್ಗು. ಇರುವೆಗಳ ಸುರಂಗ, ಹಲ್ಲಿ ಓಡಾಡಿದ ಬೆರಳಗಲದ ಓಣಿ, ಎಲ್ಲ ಒಣಗಿ ಬಿರುಕುಬಿಟ್ಟಿದ್ದವು.

“ಒಬ್ಬನೇ ಎತ್ತಿದಾನೆ ನೋಡು ಇದನ್ನ,” ಅಂದ ಮರ್ಲ್. “ಎಪ್ಪತ್ತೊಂದಾದ್ರೂ ಬುದ್ಧಿ ಬರಲಿಲ್ಲ ಮುಠ್ಠಾಳನಿಗೆ. ಎರಡು ವಾರ ತಡ್ಕೋ, ನಾನು ಬರ್ತೀನಿ ಅಂದಿದ್ದೆ. ಹೋಗ್ಲಿ, ಬೇರೆ ಯಾರನ್ನಾದ್ರೂ ಕರೀಬಾರದಿತ್ತಾ?”

“ಕರೆದಿದ್ದ,” ಅಂದಳು ವೆಲ್ಡಾ. “ನನ್ನನ್ನ ಕರೆದಿದ್ದ.”

ಮರ್ಲ್ ಊರುಗೋಲನ್ನು ಬೂದಿಯ ಮೇಲೆ ಮಲಗಿಸಿ, ಕುಂಟು ಕಾಲು ಚಾಚಿ, ನರಳುತ್ತ ನೆಲಕ್ಕೆ ಕೂತ.

“ಆ ಕಡೆ ಹಿಡಿ,” ಅಂದ.

ಅವಳು ಮೊಣಕಾಲೂರಿ ಹಿಡಿದಳು. ಕಲ್ಲು ಎದ್ದಿತು. ಕೂತಲ್ಲಿಂದಲೇ ಎತ್ತುತ್ತಿದ್ದ ಕುಂಟನಿಗೂ ಅರವತ್ತೆಂಟರ ಹೆಂಗಸಿಗೂ ಅದು ಅಷ್ಟೇನೂ ಭಾರವೆನಿಸಲಿಲ್ಲ. ಒಂದು ಗಳಿಗೆ ಅಂಚಿನ ಮೇಲೆ ನಿಂತು, ಆಚೆಗೆ ವಾಲಿ, ಮೆಲ್ಲಗೆ ಇಳಿದು ತನ್ನ ತಗ್ಗಿನಲ್ಲೇ ಕೂತಿತು, ಅವಳ ಕಡೆಯ ಮೂಲೆಯೊಂದನ್ನು ಬಿಟ್ಟು.

“ಬೆರಳು ತೆಗಿ ವೆಲ್ಡಾ. ತಾನೇ ಕೂರುತ್ತೆ.”

ಅವಳು ತೆಗೆಯಲಿಲ್ಲ.

“ವೆಲ್ಡಾ. ಆಯ್ತಲ್ಲ. ಬಿಡು.”

ಗಾಳಿ ಬೂದಿಯನ್ನು ಎಬ್ಬಿಸಿ ಅವಳ ಕರಿ ಕೋಟಿನ ಮೇಲೆ ಹರಡುತ್ತಿತ್ತು. ಅವಳ ಎರಡೂ ಕೈಯ ಬೆರಳುಗಳು ಇನ್ನೂ ಕಲ್ಲಿನ ಕೆಳಗೇ ಇದ್ದವು.