ತಂಗೆವ್ವ ಫೋನ್ ಹಚ್ಚಿ ಕೇಳಿದ್ದು

ಗಲಗಲಿಯಿಂದ ಜಮಖಂಡಿಗೆ ಹೋಗಿಬರಲು ಪಾಂಡಪ್ಪನ ಬಸ್ ಚಾರ್ಜು ತೊಂಬತ್ತು ರೂಪಾಯಿ. ಅವನ ತಾಯಿ ತಂಗೆವ್ವನಿಗೆ ಪುಕ್ಕಟೆ. ಇಬ್ಬರ ಚಹಾ, ಚುರಮುರಿಗೆ ಅರವತ್ತು. ಆಪ್ತಸಮಾಲೋಚನೆ ಮಾಡುವ ಪ್ರಾಚಿ ಮೇಡಂ ಅವರಿಗೆ ಐವತ್ತು ನಿಮಿಷಕ್ಕೆ ಆರುನೂರು. ಒಟ್ಟು ಏಳುನೂರ ಐವತ್ತು.

"ಅಷ್ಟೂ ರೊಕ್ಕ ಹೊಳ್ಯಾಗ ಹಾಕಿ ಬಂದ್ವಿ," ಎಂದಳು ತಂಗೆವ್ವ. "ಆ ಹುಡಗಿ ಒಂದ ಮಾತ ಹೇಳಲಿಲ್ಲ."

ಎದುರಿಗೆ ಕೂತಿದ್ದವಳು ಆಶಾ ಕಾರ್ಯಕರ್ತೆ ಗುರುಬಾಯಿ. ಪ್ರಾಚಿ ಅವರ ವಿಳಾಸ ಕೊಟ್ಟವಳೂ ಅವಳೇ.

ಪಾಂಡಪ್ಪ ಹನ್ನೆರಡು ವರ್ಷ ಕಬ್ಬಿನ ಟ್ರ್ಯಾಕ್ಟರ್ ಹೊಡೆದವನು. ಹಿಪ್ಪರಗಿಯ ರಸ್ತೆಯಲ್ಲಿ ಅವನು ಹೊಡೆಯುತ್ತಿದ್ದಾಗಲೇ ಟ್ರೇಲರ್ ಪಲ್ಟಿಯಾಗಿ, ಪಕ್ಕದಲ್ಲಿದ್ದ ಗೆಳೆಯ ಮಾಳುವಿನ ಕಾಲು ಮುರಿಯಿತು. ಮಾಳು ವಾಸಿಯಾಗಿ ಎದ್ದು ಓಡಾಡಿದ. ಪಾಂಡಪ್ಪ ಏಳಲಿಲ್ಲ. ಇಂಜಿನ್ ಸದ್ದು ಕೇಳಿದರೆ ಬೆವರು, ಕೈ ನಡುಕ. ಊಟ ಸೇರದು, ನಿದ್ದೆ ಹತ್ತದು. ಮಗ ಕಣ್ಣೆದುರೇ ಕರಗುತ್ತಿದ್ದಾನೆ ಎಂಬುದೇ ತಂಗೆವ್ವನ ಚಿಂತೆ.

"ಆಕಿ ಏನ ಕೇಳಿದ್ಳು?" ಎಂದಳು ಗುರುಬಾಯಿ.

"ಏನಾತು, ಹೆಂಗ ಅನಸ್ತೈತಿ ಅಂತ ಕೇಳಿದ್ಳಂತ."

"ಇವ ಏನಂದ?"

"ಬಾಯಿ ಬಿಡಬ್ಯಾಡ ಅಂತ ನಾನ ಹೇಳಿ ಒಳಗ ಕಳಿಸಿದ್ದೆ. ಬೀರೇಶ್ವರನ ಗುಡ್ಯಾಗ ಹೇಳಿಕಿ ಕೇಳಾಕ ಹೋದ್ರ ನಾವೇನ ಕಷ್ಟ ಹೇಳ್ತೇವೇನ? ಪೂಜಾರಿನ ಹೇಳ್ತಾನು. ಈಕಿ ಖರೆ ತಿಳದಾಕಿ ಇದ್ರ ತಾನ ಗುರ್ತ ಹಿಡಿಲಿ ಅಂತ."

ಗುರುಬಾಯಿ ಸೆರಗು ಬಾಯಿಗಿಟ್ಟು ನಕ್ಕಳು. "ಅಯ್ಯ ಅಕ್ಕಾ! ಐವತ್ತ ನಿಮಿಷ ಮಾರಿ ಮಾರಿ ನೋಡ್ಕೋತ ಕುಂತ್ರು? ಸಿನಿಮಾಕ್ಕ ಹೋಗಿದ್ರ ಸೋವಿ ಆಗತಿತ್ತಲ್ಲ!"

"ನಗಬ್ಯಾಡ ಬೇ."

"ಗುಡಿ ರೀತಿ ಗುಡಿಗೆ, ಅಕ್ಕಾ. ಇಲ್ಲಿ ಮಾತಾಡಾಂವ ನಿನ್ನ ಮಗನ ಆಗಬೇಕು. ಒಂದ ಸಲಕ್ಕ ಆಗೂ ಕೆಲಸಾನೂ ಅಲ್ಲ. ಕುರಿ ತರಬೇಕಾದ್ರ ಹಲ್ಲ ನೋಡ್ತಿ, ಬೆನ್ನ ಮುಟ್ಟಿ ನೋಡ್ತಿ. ಮಗನ್ನ ಕಳಸೂ ಮುಂದ ಒಂದ ಮಾತ ಕೇಳಿಯೇನು?"

ಮಾತು ನಾಟಿತು. ತಂಗೆವ್ವ ಅಲ್ಲಿಯೇ ಫೋನ್ ಹಚ್ಚಿದಳು.

"ಯವ್ವಾ, ನಾ ಪಾಂಡಪ್ಪನ ತಾಯಿ. ನೀ ಏನ ಓದಿ?"

"ಮನಶ್ಶಾಸ್ತ್ರ ರೀ. ನೋಂದಣಿ ನಂಬರ ಗ್ವಾಡಿ ಮ್ಯಾಲ ಹಾಕೇನಿ, ಬಂದಾಗ ನೋಡ್ರಿ."

"ಗುಳಿಗಿ ಕೊಡ್ತಿ?"

"ಇಲ್ರಿ, ಅದು ಮಾನಸಿಕ ರೋಗದ ಡಾಕ್ಟರ ಕೆಲಸ. ಬೇಕನಿಸಿದ್ರ ನಾನ ಕಳಸ್ತೇನಿ."

"ಎಷ್ಟ ಸಲ ಬರಬೇಕು?"

"ಈಗ ಖಾತ್ರಿ ಹೇಳಾಕ ಬರಂಗಿಲ್ರಿ. ಆರ ಸಲ ಆದಮ್ಯಾಲ ಎಷ್ಟ ಫರಕ ಬಿತ್ತು ಅಂತ ಅವರೂ ನಾನೂ ಕೂಡಿ ನೋಡ್ತೇವಿ. ಬರಾಕ ಆಗದಿದ್ರ ಹಿಂದಿನ ದಿನ ಹೇಳ್ರಿ, ರೊಕ್ಕಿಲ್ಲ. ಹೇಳದ ಬಿಟ್ರ ಅರ್ಧಾ ಕೊಡಬೇಕಾಗ್ತದ."

"ನಿನ್ನ ಕೂಡ ಅವಂಗ ಹೊಂದಲಿಲ್ಲಂದ್ರ?"

"ಸಿಟ್ಟ ಮಾಡಂಗಿಲ್ರಿ. ಬ್ಯಾರೆಯವರ ನಂಬರ ಕೊಡ್ತೇನಿ."

ತಂಗೆವ್ವ ದನಿ ಇಳಿಸಿದಳು. "ಅವ ಏನ ಹೇಳಿದ ಅಂತ ನನಗ ಹೇಳ್ತಿ?"

"ಇಲ್ರಿ ಅವ್ವಾರ. ಜೀವಕ್ಕ ಅಪಾಯ ಐತಿ ಅನಿಸಿದ್ರ ಅಷ್ಟ ಮನ್ಯಾಗ ತಿಳಸ್ತೇನಿ. ಅದನ್ನೂ ಅವರಿಗೆ ಮೊದಲ ಹೇಳಿರ್ತೇನಿ. ಉಳದದ್ದು ಯಾರಿಗೂ ಇಲ್ಲ."

"ಹಡದ ತಾಯಿಗೂ ಇಲ್ಲ?"

"ತಾಯಿಗೂ ಇಲ್ಲ."

ಫೋನ್ ಇಟ್ಟ ತಂಗೆವ್ವನ ಮುಖ ಗಂಟಿಕ್ಕಿತ್ತು. ಆಮೇಲೆ ನಿಧಾನಕ್ಕೆ ಸಡಿಲಾಯಿತು. "ಗಟ್ಟಿ ಹೆಣ್ಣಮಗಳು. ನನಗ ಹೇಳದಾಕಿ ಊರಿಗೂ ಹೇಳಂಗಿಲ್ಲ."

ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ಪಾಂಡಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಹಂಗಾದ್ರ ಹೋಗ್ತೇನಿ ಬೇ," ಎಂದ.

ಮುಂದಿನ ವಾರ ಅವನು ಒಬ್ಬನೇ ಒಳಗೆ ಹೋದ. ಹೊರಬಂದಾಗ ಕಣ್ಣು ಕೆಂಪಾಗಿದ್ದವು. ಏನಾಯಿತೆಂದು ಕೇಳಲು ತಂಗೆವ್ವನ ಬಾಯಿ ತುರಿಸಿತು, ಆದರೆ ತುಟಿ ಬಿಚ್ಚಲಿಲ್ಲ. ಮೂರನೆಯ ವಾರ ಅವನು ನಿಂತ ಟ್ರ್ಯಾಕ್ಟರಿನ ಸೀಟಿನ ಮೇಲೆ ಸುಮ್ಮನೆ ಕೂತು ಬಂದ. ಐದನೆಯ ವಾರ ಚಾವಿ ತಿರುವಿ, ತಕ್ಷಣ ಬಂದ್ ಮಾಡಿದ. ಎಂಟನೆಯ ವಾರ ಮಾಳು ತಾನೇ ಬಂದು ಪಕ್ಕಕ್ಕೆ ಹತ್ತಿ, "ಹೊಡಿಲೇ, ನನ್ನ ಇನ್ನೊಂದ ಕಾಲ ಗಟ್ಟಿ ಐತಿ," ಎಂದ. ಹೆದರಿಕೆ ಇನ್ನೂ ಹೋಗಿರಲಿಲ್ಲ. ಆದರೂ ಪಾಂಡಪ್ಪ ಹೊಳೆಯ ದಂಡೆಯವರೆಗೆ ಹೊಡೆದ. ಹೆದರಿಕೆಯಿಲ್ಲದೆ ಹೊಡೆದ ಹನ್ನೆರಡು ವರ್ಷಕ್ಕಿಂತ ಆ ಒಂದು ಮೈಲಿ ದೊಡ್ಡದೆಂದು ತಂಗೆವ್ವ ಇಂದಿಗೂ ಹೇಳುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮನಸ್ಸಿನ ನೋವಿಗೆ ಖಾಸಗಿ ಸಮಾಲೋಚಕರ ಬಳಿ ಹೋಗುವ ಮುನ್ನ ನೀವೂ ತಂಗೆವ್ವನಂತೆ ಕೇಳಿರಿ. ಏನು ಓದಿದ್ದಾರೆ, ಎಷ್ಟು ಹಣ, ಎಷ್ಟು ಹೊತ್ತು, ಗುಟ್ಟು ಉಳಿಯುತ್ತದೆಯೇ ಎಂದು ಕೇಳಲು ನಾಚಬೇಡಿ. ಈಗಾಗಲೇ ಗುಳಿಗೆ ನುಂಗುತ್ತಿದ್ದರೆ ಅದನ್ನು ಹೇಳಿ, ನೀವಾಗಿಯೇ ಬಿಡಬೇಡಿ. ಒಳಗೆ ಹೋದ ಮೇಲೆ ಬಾಯಿ ಬಿಡಿ. ಹಣವಿಲ್ಲದಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬದುಕುವುದೇ ಬೇಡ ಎಂಬ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ವಾರ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಆಸ್ಪತ್ರೆಗೆ ಕರೆದೊಯ್ಯಿರಿ, ಇಲ್ಲವೆ ಕೂಡಲೇ 14416ಕ್ಕೆ ಫೋನ್ ಮಾಡಿ. ಅದು ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ತಂಗೆವ್ವನ ಮನೆಗೆ ಕಬ್ಬಿನ ಒಂದು ಹಂಗಾಮಿನ ದುಡಿಮೆ ಹೋಯಿತು. ಮಗ ಉಳಿದ.